ಸುಂಕಲಮ್ಮನ ಲಿಂಗ

ಚನ್ನಬಸಯ್ಯನ ಬೆರಳುಗಳು ಕಸುಬಿನಿಂದ ಕಪ್ಪಾಗಿದ್ದವು. ಆದೋನಿಯ ಹತ್ತಿ ಬಜಾರಿನ ಹಿಂದಿನ ಸಂದಿಯಲ್ಲಿ ಅವನ ಮನೆ, ಪಡಸಾಲೆಯಲ್ಲೇ ಕೆಲಸ. ಅವನು ಜಂಗಮ, ಇಷ್ಟಲಿಂಗ ಕಟ್ಟುವವನು. ಹೆಬ್ಬೆರಳಿನ ತುದಿಯಷ್ಟು ಕಲ್ಲನ್ನು ಉಜ್ಜಿ ಲಿಂಗದ ಆಕಾರಕ್ಕೆ ತರಬೇಕು. ಬೂದಿ, ಕಾಡಿಗೆ, ಎಣ್ಣೆ ಸೇರಿಸಿ ಅರೆದ ಕಂತಿ ಎಂಬ ಕಪ್ಪು ಹಿಟ್ಟನ್ನು ಅದರ ಸುತ್ತ ಪದರ ಪದರವಾಗಿ ಕಟ್ಟಬೇಕು. ನೆರಳಲ್ಲಿ ಒಣಗಿಸಿ ಅಂಗೈಯಲ್ಲಿ ತಿಕ್ಕಿ ಹೊಳಪು ಕೊಡಬೇಕು. ಹೊರಗೆ ಕಾಣುವುದು ಕಂತಿ. ಒಳಗಿನ ಕಲ್ಲು ಯಾರಿಗೂ ಕಾಣದು, ಅದೇ ಲಿಂಗ. ಸುತ್ತಲ ಶಿವಾಚಾರದ ಮನೆಗಳಲ್ಲಿ ಹುಟ್ಟಿದ ಕೂಸಿನ ಕೊರಳಿಗೆ ಬೀಳುತ್ತಿದ್ದುದು ಅವನು ಕಟ್ಟಿದ್ದೇ, ಸತ್ತಾಗ ಅಂಗೈಯಲ್ಲಿಟ್ಟು ಹೂಳುತ್ತಿದ್ದುದೂ ಅದನ್ನೇ. ಒಳಗೆ ಕಲ್ಲಿದೆಯೋ ಇಲ್ಲವೋ ಎಂದು ಒಡೆದು ನೋಡಿದವರು ಯಾರೂ ಇರಲಿಲ್ಲ. ಅಯ್ಯನವರು ಕಟ್ಟಿದ್ದು ಎಂದರೆ ಮುಗಿಯಿತು, ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಿದ್ದರು.

ಆ ನಂಬಿಕೆಯನ್ನು ಅವನು ಒಂದೇ ಸಲ ಮುರಿದ. ಮುರಿದದ್ದು ಬಜಾರಿನ ಸಾಹುಕಾರರದ್ದಲ್ಲ ಬಿಡಿ. ಅವರದ್ದನ್ನು ಮುರಿಯುವ ಎದೆ ಅವನಿಗೆಲ್ಲಿತ್ತು!

ಎಮ್ಮಿಗನೂರಿನ ದಾರಿಯಲ್ಲಿ ಕರಿಬಂಡೆ ಎಂಬ ಗುಡ್ಡಕ್ಕೆ ಒಬ್ಬ ಮುದುಕ ಬಂದು ಕೂತಿದ್ದ. ಹತ್ತಿ ತುಂಬುವ ಗೋಣಿಯನ್ನು ಮೈಗೆ ಸುತ್ತಿಕೊಂಡಿದ್ದರಿಂದ ಜನ ಗೋಣಿ ತಾತ ಎಂದರು. ಊರು ಕೇಳಿದರೆ ನಗುತ್ತಿದ್ದ. ಕುಲ ಕೇಳಿದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಅವನಿಗೆ ಮೊದಲು ರೊಟ್ಟಿ ಕೊಟ್ಟವಳು ಗುಡ್ಡದ ಕೆಳಗಿನ ಮಾದಿಗರ ಕೇರಿಯ ಸುಂಕಲಮ್ಮ. ಗಂಡ ಸತ್ತವಳು, ತಮ್ಮ ಹನುಮಂತುವಿನ ಜೊತೆ ಇದ್ದಳು. ಆಕೆ ದೂರದಲ್ಲಿ ರೊಟ್ಟಿ ಇಟ್ಟು ಹೋಗಲು ಬಂದಾಗ ತಾತ ಕರೆದು ಎದುರಿಗೆ ಕೂಡಿಸಿಕೊಂಡು ಉಂಡ. ಅದು ಊರಿಗೆಲ್ಲ ಗೊತ್ತಾಯಿತು. ಊರು ಮೂಗು ಮುರಿಯಿತು.

ಆಮೇಲೆ ಹತ್ತಿ ಬಿಡಿಸುವ ಜಿನ್ನಿನ ಮಾಲೀಕ ಸಿದ್ದಬಸಪ್ಪ ಸಾಹುಕಾರನ ಹೊಟ್ಟೆಶೂಲೆ ತಾತ ಕೊಟ್ಟ ಬೂದಿಗೆ ಇಳಿಯಿತು. ಅಲ್ಲಿಗೆ ಮುರಿದ ಮೂಗುಗಳೆಲ್ಲ ನೆಟ್ಟಗಾದವು. ಹತ್ತಿ ಬಜಾರಿಗೆ ಬಜಾರೇ ಗಾಡಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗತೊಡಗಿತು. ಮದರಾಸಿನಲ್ಲಿ ಕಾಂಗ್ರೆಸ್ಸಿನ ಮಂತ್ರಿಗಳು ಕೂತ ವರ್ಷ, ತಾತ ಗುಡ್ಡದ ಮೇಲೊಂದು ಮಠ ಆಗಬೇಕೆಂದ. ದೊಡ್ಡ ಪಡಸಾಲೆ, ಒಂದು ಬಾವಿ, ಬಂದವರಿಗೆಲ್ಲ ದಾಸೋಹ. ಸಿದ್ದಬಸಪ್ಪ ತೊಲೆ ಕೊಟ್ಟ, ಸುಣ್ಣ ಕೊಟ್ಟ. ಕಲ್ಲು ಹೊರಲು ಕೇರಿಯವರು ಬಂದರು.

ಬೇಸಗೆಯುದ್ದಕ್ಕೂ ಹೊತ್ತರು. ಕೆಳಗಿನ ಕಲ್ಲುಗಣಿಯಿಂದ ಗುಡ್ಡದ ನೆತ್ತಿಗೆ ಗಾಡಿ ಹತ್ತದು, ಕತ್ತೆಯೂ ಹತ್ತದು. ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಕಲ್ಲು ಹೊತ್ತರು. ದೊಡ್ಡ ಚಪ್ಪಡಿಗಳನ್ನು ಗಂಡಸರು ಬಿದಿರಿಗೆ ಹಗ್ಗದಿಂದ ಕಟ್ಟಿ ಹೆಗಲ ಮೇಲೆ ಹೊತ್ತರು. ಸುಂಕಲಮ್ಮನ ನೆತ್ತಿಯ ಕೂದಲು ಉದುರಿ ಗಾಯವಾಯಿತು. ಗಾಯಕ್ಕೆ ಸುಣ್ಣದ ಧೂಳು ಬಿದ್ದು ಕೀವಾಯಿತು. ಆಕೆ ಅದರ ಮೇಲೆ ಹತ್ತಿ ಇಟ್ಟು, ಹತ್ತಿಯ ಮೇಲೆ ಸಿಂಬಿ ಇಟ್ಟು ಮತ್ತೆ ಹೊತ್ತಳು. ಮಧ್ಯಾಹ್ನ ಬಂಡೆ ಕಾದು ಅಂಗಾಲು ಸುಟ್ಟು ಬೊಬ್ಬೆ ಬಂತು. ಬಜಾರಿನ ಹೆಂಗಸರು ತಾತನ ದರ್ಶನಕ್ಕೆ ಬಂದಾಗ ಕಲ್ಲು ಹೊತ್ತವರು ದಾರಿ ಬಿಟ್ಟು ಮುಳ್ಳಿನಲ್ಲಿ ನಿಲ್ಲಬೇಕಾಗಿತ್ತು, ಕಲ್ಲು ಇಳಿಸದೆ.

ಗೋಡೆ ಎದ್ದ ಮೇಲೆ ತಾತ ಚನ್ನಬಸಯ್ಯನನ್ನು ಕರೆಸಿದ. ಕೇರಿಯವರಿಗೆಲ್ಲ ತಾನೇ ಲಿಂಗದೀಕ್ಷೆ ಕೊಡುವುದಾಗಿ ಹೇಳಿದ.

"ಛಲೋ ಕಲ್ಲು ನೋಡಿ ಮಾಡು ಚನ್ನಬಸಯ್ಯ. ಹೊತ್ತವರು ಹೊರಗ, ಹೊರದವರು ಒಳಗ ಅಂದ್ರ ನನಗ ಮಠ ಬ್ಯಾಡ," ಎಂದ.

ಚನ್ನಬಸಯ್ಯ ಕಾಲಿಗೆ ಬಿದ್ದು ಹೂಂ ಅಂದು ಬಂದ. ತಾತನ ಮೇಲೆ ಅವನಿಗೆ ಭಕ್ತಿ ಇತ್ತು, ಸುಳ್ಳಲ್ಲ. ಆದರೆ ಅವತ್ತು ಸಂಜೆಯೇ ಸಿದ್ದಬಸಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಬೈಯಲಿಲ್ಲ. ತಾತನ ಮಾತು ಮೀರುವುದು ಯಾರಿಂದಲೂ ಆಗದು ಎಂದು ತಾನೇ ಹೇಳಿದ. ನಮ್ಮ ಮೊಮ್ಮಕ್ಕಳ ಕೊರಳಿನ ಲಿಂಗ, ಆ ಕೇರಿಯವರ ಕೊರಳಿನ ಲಿಂಗ ಎರಡೂ ಒಂದೇ ಪೆಟ್ಟಿಗೆಯ ಕಲ್ಲು ಎಂದರೆ ನಾಳೆ ಬಜಾರಿನವರು ನಿಮ್ಮ ಹೊಸ್ತಿಲು ತುಳಿದಾರೇ ಎಂದು ಕೇಳಿದ. ಯಾವ ಮನೆಯ ಕಾರ್ಯಕ್ಕೆ ನಿಮ್ಮನ್ನು ಕರೆದಾರು ಎಂದ. ಕೇಳಿ ಎದ್ದುಹೋದ. ಹೀಗೆ ಮಾಡು ಎಂದು ಅವನೇನೂ ಹೇಳಲಿಲ್ಲ. ದಾರಿ ಹುಡುಕಿದವನು ಚನ್ನಬಸಯ್ಯನೇ.

ಕಲ್ಲಿಲ್ಲದೆ ಬರೀ ಕಂತಿಯ ಉಂಡೆ ಕಟ್ಟಿದರೆ ಹೊರಗಿನಿಂದ ಗೊತ್ತಾಗದು. ತಾತ ಕೇಳಿದ್ದನ್ನು ಕೊಟ್ಟಂತಾಯಿತು. ಕಲ್ಲಿಲ್ಲದ್ದು ಲಿಂಗವೇ ಅಲ್ಲ, ಹಾಗಾಗಿ ಲಿಂಗಕ್ಕೆ ಮೈಲಿಗೆಯೂ ಇಲ್ಲ. ತಾತನಿಗೂ ಸೈ, ಸಾಹುಕಾರನಿಗೂ ಸೈ. ಎಂಥ ಬುದ್ಧಿ ನೋಡಿ. ದೇವರಿಗೇ ಲೆಕ್ಕ ತಪ್ಪಿಸಿದೆ ಎಂದುಕೊಂಡ ಮಹಾನುಭಾವ.

ಕಂತಿ ಅರೆಯುವವಳು ಅವನ ಹೆಂಡತಿ ಗುರುಶಾಂತಮ್ಮ. ಎಷ್ಟು ಅರೆದರೂ ಸಾಲುತ್ತಿಲ್ಲ, ಕಲ್ಲಿನ ಪೆಟ್ಟಿಗೆ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಆಕೆ ಕೈ ನಿಲ್ಲಿಸಿದಳು.

"ಕಲ್ಲೆಲ್ಲಿ ಅದಾವ್ರಿ?" ಎಂದಳು.

ಅವನು ಪೆಟ್ಟಿಗೆಯ ಕಡೆ ನೋಡದೆ ಇನ್ನೊಂದು ಉಂಡೆ ಕಟ್ಟಿದ. ಆಕೆ ಎರಡನೇ ಸಲ ಕೇಳಲಿಲ್ಲ. ರುಬ್ಬುಗುಂಡು ಬಿಟ್ಟು ಎದ್ದು ಕೈ ತೊಳೆದುಕೊಂಡಳು. ಅವತ್ತಿನಿಂದ ಆಕೆ ಕಂತಿ ಅರೆಯುವುದನ್ನು ಬಿಟ್ಟಳು. ಅವನೇ ಅರೆದುಕೊಳ್ಳತೊಡಗಿದ.

ತಾತ ಲಿಂಗ ಕಟ್ಟಿದ ದಿನ ಕೇರಿಯವರು ಮಿಂದು, ಒದ್ದೆ ಬಟ್ಟೆಯಲ್ಲೇ ಸಾಲಾಗಿ ಕೂತಿದ್ದರು. ತಾತ ಒಬ್ಬೊಬ್ಬರ ಎಡ ಅಂಗೈಯಲ್ಲಿ ಲಿಂಗ ಇಟ್ಟು ಕಿವಿಯಲ್ಲಿ ಮಂತ್ರ ಹೇಳಿದ. ಸುಂಕಲಮ್ಮ ಅತ್ತಳು. ತಾತನ ಕೈ ತನ್ನ ನೆತ್ತಿಯ ಗಾಯಕ್ಕೆ ತಾಗಿದಾಗಲೂ ಅಲುಗಲಿಲ್ಲ. ಬಜಾರಿನ ಜನ ದೂರ ನಿಂತು ಹಲ್ಲು ಕಡಿಯುತ್ತಿದ್ದರು. ಎಲ್ಲರ ಕಣ್ಣೂ ಚನ್ನಬಸಯ್ಯನ ಮೇಲೆ. ಅವನಿಗೆ ತಡೆಯಲಾಗಲಿಲ್ಲ. ಸಿದ್ದಬಸಪ್ಪನ ಪಕ್ಕಕ್ಕೆ ಸರಿದು, ಅದರೊಳಗೆ ಕಲ್ಲಿಲ್ಲ ಸಾವ್ಕಾರ್ರೆ ಎಂದು ಪಿಸುಗುಟ್ಟಿದ. ಸಿದ್ದಬಸಪ್ಪ ಅವನ ಬೆನ್ನು ತಟ್ಟಿದ. ತಟ್ಟಿಸಿಕೊಂಡಾಗ ಚನ್ನಬಸಯ್ಯನಿಗೆ ಹಿತವಾಯಿತು.

ಲಿಂಗ ಬಿದ್ದ ಮೇಲೆ ಕೇರಿಯವರು ಸತ್ತ ದನ ಎಳೆಯುವುದಿಲ್ಲ ಎಂದರು. ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ. ಊರ ಗೌಡನ ಎತ್ತು ಸತ್ತು ನಾರಲು ಶುರುವಾದಾಗ ಹನುಮಂತುವಿಗೆ ಹೇಳಿಕಳಿಸಿದರು. ಅವನು ಬರುವುದಿಲ್ಲ ಎಂದ. ಅವನನ್ನು ಗೌಡನ ಆಳುಗಳು ಎಳೆದುಕೊಂಡು ಹೋಗಿ ಎತ್ತಿನ ಪಕ್ಕದಲ್ಲೇ ಕೆಡವಿ ಹೊಡೆದರು. ಬಲಗೈ ಮುರಿಯಿತು, ಸೊಟ್ಟಗೇ ಕೂಡಿಕೊಂಡಿತು. ಸುಗ್ಗಿಯಲ್ಲಿ ವರ್ಷದ ಚಾಕರಿಯ ಪಾಲೆಂದು ಕೇರಿಗೆ ಬರಬೇಕಾಗಿದ್ದ ಆಯದ ಜೋಳವನ್ನು ಯಾವ ಕಣದಲ್ಲೂ ಕೊಡಲಿಲ್ಲ. ಲಿಂಗ ಕಟ್ಟಿಕೊಂಡೀರಲ್ಲ, ಲಿಂಗವನ್ನೇ ತಿನ್ನಿರಿ ಎಂದರು.

ಸುದ್ದಿ ಆದೋನಿಗೂ ಬಂತು. ಚನ್ನಬಸಯ್ಯ ಅನ್ನ ಕಲಸಿ ಕೂತರೆ ಹನುಮಂತುವಿನ ಕೈ ಕಣ್ಣೆದುರು ಬರುತ್ತಿತ್ತು. ತನ್ನ ಕಪ್ಪು ಹಿಟ್ಟಿನ ಉಂಡೆಗಾಗಿ ಜನ ಹಸಿದಿದ್ದಾರೆ, ಮೂಳೆ ಮುರಿಸಿಕೊಂಡಿದ್ದಾರೆ. ತಪ್ಪು ತನ್ನದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗುಡ್ಡದ ಕಡೆ ಹೋಗುವುದನ್ನೇ ಬಿಟ್ಟ. ತಾತ ಕರೆಸಿದರೆ ಜ್ವರ ಎಂದು ಹೇಳಿಕಳಿಸಿದ.

ಒಂದು ಬೇಸಗೆಯ ಬೆಳಗ್ಗೆ ಸುಂಕಲಮ್ಮನೇ ಬಂದಳು. ಸಂದಿಯಲ್ಲಿ, ಚರಂಡಿಯ ಆಚೆ ನಿಂತಳು. ಎದೆಯ ಎಲುಬು ಎಣಿಸುವ ಹಾಗೆ ಕಾಣುತ್ತಿತ್ತು. ಪಡಸಾಲೆಯಲ್ಲಿ ಸಿದ್ದಬಸಪ್ಪನ ಸೊಸೆ ಮಗುವಿನ ಲಿಂಗಕ್ಕೆಂದು ಬಂದು ಕೂತಿದ್ದಳು.

ಸುಂಕಲಮ್ಮ ಸೆರಗಿನಲ್ಲಿ ಸುತ್ತಿದ್ದ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟು ತೋರಿಸಿದಳು. ಬಿಸಿಲಿಗೆ ಕಂತಿ ಬಿರುಕು ಬಿಟ್ಟಿತ್ತು. ಒಳಗೆ ಹಿಡಿದುಕೊಳ್ಳಲು ಕಲ್ಲಿದ್ದರೆ ಹಾಗೆ ಬಿಡುವುದಿಲ್ಲ.

"ಬಿರುಕಿನಾಗ ನೋಡಿದೆ ಅಯ್ಯನೋರ, ಒಳಗ ಕಲ್ಲು ಕಾಣವಲ್ದು," ಎಂದಳು. ಆಮೇಲೆ ದನಿ ತಗ್ಗಿಸಿ, "ಸುಗ್ಗಿಗೆ ಜೋಳ ಕೊಡಲಿಲ್ರಿ. ತಮ್ಮಗ ಕೈ ಇಲ್ಲ. ಹಸಿವಿಗೆ ತಾಳಲಾರದ ಒಂದಿನ ಸತ್ತ ಎಮ್ಮಿ ಎಳದೀನಿ. ಅದಕ್ಕ ಸ್ವಾಮಿ ನನ್ನ ಬಿಟ್ಟು ಹೋದನೇನ್ರಿ?" ಎಂದು ಕೇಳಿದಳು.

ಅವನ ತೊಡೆಯ ಪಕ್ಕದಲ್ಲೇ ಕಲ್ಲಿನ ಪೆಟ್ಟಿಗೆ ಇತ್ತು. ಕೈ ಚಾಚಿದರೆ ಸಾಕಿತ್ತು. ಒಂದು ಕಲ್ಲು ತೆಗೆದು ಬಿರುಕಿನೊಳಗೆ ಇಟ್ಟು ಮೇಲೆ ಕಂತಿ ಮೆತ್ತಿದ್ದರೆ ಆ ಹೆಂಗಸಿಗೆ ಜೀವ ಬರುತ್ತಿತ್ತು. ಸಾಹುಕಾರನ ಸೊಸೆ ನೋಡುತ್ತಿದ್ದಳು. ಚನ್ನಬಸಯ್ಯ ಪೆಟ್ಟಿಗೆಯನ್ನು ಮೊಣಕಾಲಿನಿಂದ ಹಿಂದಕ್ಕೆ ತಳ್ಳಿದ.

"ಅದಕ್ಕ ಇರಬೇಕು," ಎಂದ. "ಒಪ್ಪತ್ತು ಊಟ ಹಿಡಿ. ತಪ್ಪಾತು ಅಂತ ದಿನಾ ಬೇಡಿಕೊ."

ಮರದ ಚಮಚ ಚಾಚಿ ಲಿಂಗವನ್ನು ತೆಗೆದುಕೊಂಡ. ಬಿರುಕಿಗೆ ಬರೀ ಕಂತಿ ಮೆತ್ತಿ, ಅದೇ ಚಮಚದ ಮೇಲಿಟ್ಟು ಚರಂಡಿಯ ಆಚೆಗೆ ಚಾಚಿದ. ಆಕೆ ಕಣ್ಣಿಗೊತ್ತಿಕೊಂಡು ನಡೆದಳು. ಒಳಬಾಗಿಲಲ್ಲಿ ಗುರುಶಾಂತಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವತ್ತು ಅವನಿಗೆ ಊಟ ಬಡಿಸಿ, ಎದುರಿಗೆ ಕೂರದೆ ಹಿತ್ತಿಲಿಗೆ ಹೋದಳು.

ಅದೇ ವರ್ಷ ಶ್ರಾವಣದಲ್ಲಿ ತಾತ ತೀರಿಕೊಂಡ. ಪಡಸಾಲೆಯ ನಡುವೆ ಅವನನ್ನು ಕೂಡಿಸಿ ಸಮಾಧಿ ಮಾಡಿ, ಮೇಲೆ ಗದ್ದುಗೆ ಕಟ್ಟಿದರು. ಇನ್ನು ಮಠ ಸಾಹುಕಾರರದ್ದಾಯಿತು. ಸಿದ್ದಬಸಪ್ಪ ಊರೂರು ತಿರುಗಿ, ಸಂಸ್ಕೃತ ಓದಿದ ಪಂಚಾಕ್ಷರಯ್ಯ ಎಂಬ ಹರೆಯದ ಮರಿಸ್ವಾಮಿಯನ್ನು ಕರೆತಂದು ಪಟ್ಟ ಕಟ್ಟಿಸಲು ನಿಶ್ಚಯಿಸಿದ. ತಾತನಿಗೂ ಒಂದು ಕುಲ ಸಿಕ್ಕಿತು, ಒಂದು ಗುರುಪರಂಪರೆ ಸಿಕ್ಕಿತು. ಬದುಕಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಗೋಣಿ ತಾತ ಹೋಗಿ ಶ್ರೀ ಗೋಣೀಶ್ವರ ಮಹಾಸ್ವಾಮಿಗಳಾದ. ಮಠದೊಳಗೆ ಲಿಂಗಧಾರಿಗಳಿಗೆ ಮಾತ್ರ ಪ್ರವೇಶ ಎಂದು ಬಾಗಿಲ ಮೇಲೆ ಬರೆಸಿದರು.

ಪಟ್ಟದ ದಿನ ಕೇರಿಯವರು ಮಿಂದು, ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗ ಹಾಕಿಕೊಂಡು ಬಾಗಿಲಿಗೆ ಬಂದರು. ಬರೆದದ್ದನ್ನು ಯಾರೋ ಓದಿ ಹೇಳಿದ್ದರು. ನಾವೂ ಲಿಂಗಧಾರಿಗಳೇ, ತಾತನೇ ಕಟ್ಟಿದ್ದು, ಗದ್ದುಗೆಗೆ ಹಣೆ ಹಚ್ಚಬೇಕು, ಪಂಕ್ತಿಯಲ್ಲಿ ಕೂರಬೇಕು ಎಂದರು. ಮಾತು ನೇರವಾಗಿತ್ತು. ಒಳಗಿದ್ದವರಿಗೆ ನುಂಗಲಾರದ ತುತ್ತಾಯಿತು. ತಾತನ ಕೈಯಿಂದ ದೀಕ್ಷೆಯಾದವರನ್ನು ತಾತನ ಗದ್ದುಗೆಯ ಎದುರೇ ಬೇಡ ಎನ್ನುವುದು ಹೇಗೆ? ಹೊಸ ಸ್ವಾಮಿಯ ಮುಖ ಬಿಳಚಿತು. ಸಿದ್ದಬಸಪ್ಪ ಮಾತ್ರ ಗಾಬರಿಯಾಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಚನ್ನಬಸಯ್ಯನನ್ನು ಎಬ್ಬಿಸಿ ಬಾಗಿಲಿಗೆ ಕರೆತಂದ.

"ಇವು ನೀವು ಕಟ್ಟಿದ್ವು. ಒಳಗ ಕಲ್ಲು ಹಾಕೀರೋ ಇಲ್ಲೋ? ತಾತನ ಗದ್ದುಗಿ ಮುಂದ ನಿಂತೀರಿ, ಖರೇ ಹೇಳ್ರಿ ಅಯ್ಯನೋರ."

ಚನ್ನಬಸಯ್ಯನ ಎದುರಿಗೆ ಸುಂಕಲಮ್ಮ, ಸೊಟ್ಟಗೈಯ ಹನುಮಂತು. ತನ್ನ ಎದೆಯೊಳಗೆ ಕೊಳೆಯುತ್ತಿದ್ದ ಪಾಪ ಗಂಟಲಿಗೆ ಬಂತು. ಇವತ್ತಾದರೂ ನಿಜ ಹೇಳಿ ಹಗುರಾಗಬೇಕು ಎನಿಸಿತು. ಆ ನಿಜ ಯಾರಿಗೆ ಬೇಕಾಗಿದೆ, ಯಾರ ಕತ್ತು ಕೊಯ್ಯುತ್ತದೆ ಎಂದು ಯೋಚಿಸಲಿಲ್ಲ. ಕಲ್ಲು ಹಾಕೀನಿ ಎಂಬ ಒಂದು ಸುಳ್ಳು ಆಡಿದ್ದರೆ ಅವರು ಒಳಗೆ ಬರುತ್ತಿದ್ದರು. ಒಡೆದು ನೋಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಜನ್ಮವೆಲ್ಲ ಹೆದರಿ ಸುಳ್ಳಾಡಿದವನು, ಸುಳ್ಳು ಬೇಕಾದ ಒಂದೇ ಒಂದು ಗಳಿಗೆಯಲ್ಲಿ ಸತ್ಯವಂತನಾದ.

ಗದ್ದುಗೆಯ ಕಡೆ ಕೈ ಮುಗಿದ. ಗಳಗಳ ಅತ್ತ.

"ಕಲ್ಲಿಲ್ರಿ. ಬರೇ ಕಂತಿ. ತಾತನಿಗೆ ಮೋಸ ಮಾಡೀನಿ," ಎಂದ.

ಒಳಗೆ ಗುಜುಗುಜು ಎದ್ದಿತು. ಮೋಸ ಮಾಡಿದವನನ್ನು ಹಿಡಿದು ಹೊರಗೆ ಹಾಕಿಯಾರು ಎಂದು ನೀವು ಅಂದುಕೊಂಡರೆ ನಿಮಗೆ ಲೋಕ ಗೊತ್ತಿಲ್ಲ. ಹೊಸ ಸ್ವಾಮಿಯ ಮುಖಕ್ಕೆ ಬಣ್ಣ ಬಂತು. ಲಿಂಗವೇ ಇಲ್ಲದ ಮೇಲೆ ದೀಕ್ಷೆಯೂ ಆಗಿಲ್ಲ, ದೀಕ್ಷೆ ಇಲ್ಲದವರಿಗೆ ಪಂಕ್ತಿಯೂ ಇಲ್ಲ ಎಂದು ಶಾಂತವಾಗಿ ಅಪ್ಪಣೆ ಕೊಟ್ಟ. ತಪ್ಪು ಒಪ್ಪಿಕೊಂಡ ಅಯ್ಯನವರು ದೊಡ್ಡ ಮನಸ್ಸಿನವರು ಎಂದೂ ಸೇರಿಸಿದ. ಸಿದ್ದಬಸಪ್ಪ ಕೇರಿಯವರ ಕಡೆ ತಿರುಗಿ, ಆ ಉಂಡೆಗಳನ್ನು ತೆಗೆದು ಕೊಡಿ, ನಾಗಲದಿನ್ನೆಯ ಹೊಳೆಗೆ ಬಿಡಿಸುತ್ತೇನೆ ಎಂದು ಕೈ ಚಾಚಿದ.

ಯಾರೂ ಅಲುಗಲಿಲ್ಲ. ಸುಂಕಲಮ್ಮ ಮುಂದೆ ಬಂದಳು. ಸಿದ್ದಬಸಪ್ಪನನ್ನು ನೋಡಲೇ ಇಲ್ಲ, ಚನ್ನಬಸಯ್ಯನ ಎದುರು ನಿಂತಳು.

"ನಿಮ್ಮ ಮನಿ ಮುಂದ ನಿಂತು ಕೇಳಿದ್ನಲ್ರಿ, ಕಲ್ಲು ಎಲ್ಲಿಗೆ ಹೋತು ಅಂತ. ನನ್ನ ಪಾಪಕ್ಕ ಹೋತು ಅಂದ್ರಿ. ಅವತ್ತಿನಿಂದ ಒಪ್ಪತ್ತು ಉಂಡೀನಿ. ದಿನಾ ಅತ್ತೀನಿ. ಎಮ್ಮಿ ಎಳೆದ ಈ ಕೈನ ಕಲ್ಲಿಗೆ ಜಜ್ಜಿಕೊಂಡೀನಿ, ನೋಡ್ರಿ."

ಎರಡೂ ಕೈ ಚಾಚಿದಳು. ಗೆಣ್ಣುಗಳು ಒಡೆದು ಮಾಗಿದ್ದವು. ಚನ್ನಬಸಯ್ಯ ತನ್ನ ಕೊರಳಿನ ಶಿವದಾರವನ್ನು ಬಿಚ್ಚಿದ. ಬೆಳ್ಳಿಯ ಕರಡಿಗೆಯಲ್ಲಿದ್ದ ತನ್ನ ಲಿಂಗವನ್ನು ತೆಗೆದು, ಎಲ್ಲರೆದುರು ಆಕೆಯ ಅಂಗೈಗೆ ಇಡಲು ಹೋದ. ಇದನ್ನು ತೊಗೊ ತಾಯಿ, ಇದರೊಳಗೆ ಕಲ್ಲಿದೆ, ನನ್ನನ್ನು ಕ್ಷಮಿಸು ಎಂದ. ಒಳಗಿನವರು ಹೌಹಾರಿ ಎದ್ದು ನಿಂತರು.

ಸುಂಕಲಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ್ರಿ. ನಿಮ್ಮ ಪಾಪ ತೊಳಿಯಾಕ ನನ್ನ ಕೊರಳು ಯಾಕ? ನಿಮ್ಮದು ನೀವ ಇಟ್ಕೊಳ್ರಿ."

ಆಮೇಲೆ ತನ್ನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಸಿದ್ದಬಸಪ್ಪನ ಚಾಚಿದ ಕೈಯನ್ನು ನೋಡಿದಳು.

"ಇದನ್ನ ತಾತ ಕಟ್ಟ್ಯಾನ. ಇದಕ್ಕ ನನ್ನ ತಮ್ಮ ಕೈ ಕೊಟ್ಟಾನ. ಇದಕ್ಕ ನಮ್ಮ ಮಕ್ಕಳು ಉಪವಾಸ ಬಿದ್ದಾರ. ಒಳಗ ಏನೈತಿ ಅನ್ನೋದು ನನಗ ಗೊತ್ತೈತಿ, ನೀವ್ಯಾರು ಹೇಳಾಕ? ನಾ ಕೊಡಂಗಿಲ್ಲ. ಬೇಕಂದ್ರ ಕೊರಳು ಕೊಯ್ದು ತೊಗೊಳ್ರಿ."

ಸಿದ್ದಬಸಪ್ಪನ ಕೈ ಅಷ್ಟು ಹೊತ್ತು ಗಾಳಿಯಲ್ಲೇ ಇತ್ತು. ಅವನ ಆಳು ಯರ್ರೆಪ್ಪ ಮುಂದೆ ಬಂದ. ಹನುಮಂತು ಸೊಟ್ಟಗೈಯಲ್ಲೇ ಅವನ ಎದೆಗೆ ಕೈ ಕೊಟ್ಟು ನಿಲ್ಲಿಸಿದ. ಹಿಂದಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದರು. ಯರ್ರೆಪ್ಪ ಸಾಹುಕಾರನ ಮುಖ ನೋಡಿ ಹಿಂದೆ ಸರಿದ.

ಪಟ್ಟದ ದಿನ ರಂಪ ಬೇಡ ಎಂದು ಸ್ವಾಮಿ ಹೇಳಿದ. ಹೊರಗಿನವರಿಗೆ ಹೊರಗೇ ಕಳಿಸಿ ಎಂದು ಹೋಳಿಗೆ, ಅನ್ನದ ಬುಟ್ಟಿಗಳನ್ನು ಕಳಿಸಿದ. ಅವತ್ತು ಬೆಳಗಿನಿಂದ ಆ ಮಕ್ಕಳು ಏನೂ ತಿಂದಿರಲಿಲ್ಲ. ಒಂದು ಕೂಸು ಬುಟ್ಟಿಯ ಕಡೆ ಕೈ ಚಾಚಿತು. ತಾಯಿ ಆ ಕೈಯನ್ನು ಹಿಡಿದುಕೊಂಡಳು. ಯಾರೂ ಮುಟ್ಟಲಿಲ್ಲ. ಬುಟ್ಟಿಗಳನ್ನು ಬಾಗಿಲಲ್ಲೇ ಬಿಟ್ಟು ಕೇರಿಯವರು ಗುಡ್ಡ ಇಳಿದರು. ಸುಂಕಲಮ್ಮ ಎಲ್ಲರಿಗಿಂತ ಕೊನೆಗೆ ಇಳಿದಳು, ತಿರುಗಿ ನೋಡಲಿಲ್ಲ. ಕೇರಿಯವರು ಆಮೇಲೆ ಆ ಮಠದ ಬಿಟ್ಟಿ ಚಾಕರಿಗೆ ಹೋಗಲಿಲ್ಲ, ಕರೆದರೂ ಹೋಗಲಿಲ್ಲ, ಹೆದರಿಸಿದರೂ ಹೋಗಲಿಲ್ಲ.

ಚನ್ನಬಸಯ್ಯ ಬಾಗಿಲಲ್ಲಿ ನಿಂತೇ ಇದ್ದ. ಕೈಯಲ್ಲಿ ತನ್ನ ಲಿಂಗ ಹಾಗೇ ಇತ್ತು. ಆಕೆಯ ಹಿಂದೆ ಓಡಬೇಕು ಎನಿಸಿತು. ಓಡಿ ಏನು ಹೇಳುವುದು? ಇದ್ದಬದ್ದ ನಿಜವನ್ನು ಆಗಲೇ ಹೇಳಿ ಮುಗಿಸಿದ್ದ. ಸಿದ್ದಬಸಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. ಮೃದುವಾಗಿ ಒಳಗೆ ಕರೆದೊಯ್ದು ಸ್ವಾಮಿಯ ಬಲಗಡೆ, ಮೊದಲ ಎಲೆಯ ಮುಂದೆ ಕೂಡಿಸಿದ. ತಾನೇ ಬಾಗಿ ಹೋಳಿಗೆಯ ಮೇಲೆ ತುಪ್ಪ ಹಾಕಿದ.

"ಉಣ್ರಿ ಅಯ್ಯನೋರ. ಖರೇ ಹೇಳಿದ ಬಾಯಿ," ಎಂದ.

ಏಳಬಹುದಾಗಿತ್ತು. ಎಲೆಗೆ ಕೈ ಮುಗಿದು ಎದ್ದು ಗುಡ್ಡ ಇಳಿಯಬಹುದಾಗಿತ್ತು. ಯಾರೂ ಅವನನ್ನು ಕಟ್ಟಿಹಾಕಿರಲಿಲ್ಲ. ಗುರುಶಾಂತಮ್ಮ ಅವತ್ತು ನಾ ಬರುವುದಿಲ್ಲ ಎಂದು ಮನೆಯಲ್ಲೇ ಉಳಿದಿದ್ದಳು, ಎಬ್ಬಿಸುವವರೂ ಇರಲಿಲ್ಲ. ಚನ್ನಬಸಯ್ಯ ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ಕಪ್ಪು ಬೆರಳುಗಳಿಂದ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ.

ಆಮೇಲೆ ಬದುಕಿರುವ ತನಕ ಅವನಿಗೆ ತನ್ನ ಮೇಲೆ ಒಂದೇ ಹೇಸಿಗೆ ಉಳಿಯಿತು. ಆ ಊಟ ರುಚಿಯಾಗಿತ್ತು.